ಬಿಸಿಲಿಗಿಟ್ಟ ಹಸಿರು ಸೀಸೆ

ಅಕ್ಕನಂತಿದ್ದ ರೋಸಮ್ಮನವರಿಗೆ, ನಿಮ್ಮ ಜಾನಕಿಯ ನಮಸ್ಕಾರಗಳು.

ಶಾಲೆಯಲ್ಲಿ ನನ್ನ ಕನ್ನಡ ತರಗತಿಗೂ ನಿಮ್ಮ ಭೂಗೋಳದ ತರಗತಿಗೂ ನಡುವೆ ಇದ್ದದ್ದು ಒಂದು ಮರದ ತಡಿಕೆ ಮಾತ್ರ. ನಾನು ಸಮಾಸ ಹೇಳಿಕೊಡುತ್ತಿದ್ದರೆ ನನ್ನ ಹುಡುಗಿಯರ ಕಿವಿಯೆಲ್ಲ ಆಚೆಗೆ. ಒಂದು ದಿನ ಸಹನೆ ಮೀರಿ ನಿಮ್ಮ ಬಾಗಿಲಿಗೆ ಬಂದು ನಿಂತೆ. ನೀವು ನೀಲಿ ಸೀಮೆಸುಣ್ಣದಲ್ಲಿ ಮೊಸೆಲ್ ನದಿಯನ್ನು ಬಳುಕಿಸುತ್ತಾ, "ಜರ್ಮನಿ ದೇಶ ಕಣ್ರೇ. ನದಿಯ ದಂಡೆ ನಮ್ಮ ಚಾಮುಂಡಿ ಬೆಟ್ಟಕ್ಕಿಂತ ಕಡಿದು. ಮಣ್ಣಿಗಿಂತ ಕಲ್ಲೇ ಹೆಚ್ಚು. ಚಿಕ್ಕವರಿದ್ದಾಗ ಸ್ಲೇಟಲ್ಲಿ ಬರೀತಿದ್ರಲ್ಲ, ಅದೇ ಕಲ್ಲು! ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಶಾಖ ಕೊಡುತ್ತೆ. ಅದಕ್ಕೇ ಆ ಚಳಿಯಲ್ಲೂ ಬಿಳಿ ದ್ರಾಕ್ಷಿ ಹಣ್ಣಾಗೋದು, ಅದರ ವೈನು ಲೋಕಕ್ಕೆಲ್ಲ ಹೆಸರಾಗೋದು" ಎನ್ನುತ್ತಿದ್ದಿರಿ.

"ಹೆಣ್ಣುಮಕ್ಕಳಿಗೆ ಮದ್ಯದ ಪಾಠವೇ?" ಎಂದೆ.

"ಪಾಠ ದ್ರಾಕ್ಷೀದು ಜಾನಕಮ್ಮ. ವೈನು ಆಮೇಲಿನ ಮಾತು. ನಾನೇ ಇನ್ನೂ ರುಚಿ ನೋಡಿಲ್ಲ. ಬನ್ನಿ, ಕೂತ್ಕೊಳ್ಳಿ."

ಜಗಳಕ್ಕೆಂದು ಬಂದವಳು ಕೊನೆಯ ಬೆಂಚಿನಲ್ಲಿ ಕೂತೆನಲ್ಲ!

ನಿಮ್ಮ ಚರ್ಚಿನ ಜರ್ಮನ್ ಪಾದ್ರಿಗಳು ತಮ್ಮ ಊರಿಗೆ ಹೋಗಿ ಬಂದಾಗ, ನಿಮಗೆಂದೇ ಆ ಕಣಿವೆಯ ಬಿಳಿ ವೈನು ತಂದುಕೊಟ್ಟದ್ದು ನೆನಪಿದೆಯೆ? ಉದ್ದ ಕತ್ತಿನ ಹಸಿರು ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಿರಿ. "ಕ್ರಿಸ್‌ಮಸ್‌ವರೆಗೂ ಇಟ್ಕೊಂಡಿರಿ. ನಮ್ಮಣ್ಣನ ಕಣ್ಣಿಗೆ ಬಿದ್ದರೆ ಇವತ್ತೇ ಮುಗಿಸಿಬಿಡ್ತಾನೆ. ಮಡಿಯವರ ಮನೇಲಿ ಯಾರು ಹುಡುಕ್ತಾರೆ?" ಅಮ್ಮನಿಗೆ ನಾವಿಬ್ಬರೂ ದ್ರಾಕ್ಷಿಯ ರಸವೆಂದಷ್ಟೇ ಹೇಳಿದೆವು. ಅದು ಸುಳ್ಳೇನಲ್ಲವಲ್ಲ?

ರಸವೆಂದ ಮೇಲೆ ಅಮ್ಮ ಸುಮ್ಮನಿರುವುದುಂಟೆ? ಬಿಸಿಲು ಕಾಣದ ರಸಕ್ಕೆ ಬೂಷ್ಟು ಹಿಡಿಯುತ್ತದೆಂಬುದು ಅವರ ಶಾಸ್ತ್ರ. ಸೀಸೆಯ ಕತ್ತಿಗೆ ಮಡಿಬಟ್ಟೆ ಕಟ್ಟಿ, ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿಯ ಪಕ್ಕದಲ್ಲಿ, ತಾರಸಿಯ ಮೇಲೆ... ದಿನವೂ ಬೆಳಿಗ್ಗೆ ಏರಿಸಿ ಸಂಜೆ ಇಳಿಸಿದರು. ಕ್ರಿಸ್‌ಮಸ್ ಬರುವಷ್ಟರಲ್ಲಿ ಬಿರಡೆ ಉಬ್ಬಿ, ವೈನು ಕಷಾಯದ ಬಣ್ಣಕ್ಕೆ ತಿರುಗಿತ್ತು. ವೈನಿಗೆ ಬಿಸಿಲು ಆಗದೆಂದು ನನಗಾದರೂ ಏನು ಗೊತ್ತಿತ್ತು? "ಒಂದು ದಿನಾನೂ ಬಿಸಿಲು ತಪ್ಪಿಸಿಲ್ಲ ಕಣಮ್ಮ ರೋಸಿ!" ಎಂದು ಅಮ್ಮ ಹೆಮ್ಮೆಯಿಂದ ಎದುರಿಗೇ ನಿಂತಿದ್ದರು. ನೀವು ಮುಖ ಕಿವುಚದೆ ಒಂದು ಲೋಟ ಪೂರ್ತಿ ಕುಡಿದು, "ಅಮೃತ ಇದ್ದಂಗಿದೆ ಅಮ್ಮ" ಎಂದಿರಿ. ಆಮೇಲೆ ಬೀದಿಯ ತಿರುವಿನಲ್ಲಿ ನನ್ನ ಭುಜ ಹಿಡಿದು ನಕ್ಕ ಆ ನಗು! ನಿಮ್ಮ ಕಣ್ಣಲ್ಲಿ ಬಂದ ನೀರು ನಗುವಿನದೇ ಎಂದು ನಾನು ಆಗ ತಿಳಿದೆ.

ಎಷ್ಟೋ ವರ್ಷ ಕಳೆದು, ಆಸ್ಪತ್ರೆಯ ಮಂಚದ ಮೇಲೆ ನೀವೇ ಆ ವೈನಿನ ಮಾತೆತ್ತಿದಾಗ, ಆ ಆಸೆ ಇನ್ನೂ ಹಾಗೆಯೇ ಉಳಿದಿದೆಯೆಂದು ಗೊತ್ತಾಯಿತು. "ಇಷ್ಟು ವರ್ಷ ಪಾಠ ಮಾಡಿದೆ, ನಾಲಿಗೆಗೆ ಮಾತ್ರ ಸಿಗಲಿಲ್ಲ. ಯಾವತ್ತಾದರೂ ಸಿಕ್ಕಿದರೆ ನನ್ನ ಪರವಾಗಿ ನೀವು ಕುಡಿದು ಹೇಳಿ."

"ನಾನೇ? ವೈನೇ?"

"ನೀವೇ. ಬರೀ 'ಚೆನ್ನಾಗಿತ್ತು' ಅಂದ್ರೆ ಸೊನ್ನೆ ಕೊಡ್ತೀನಿ."

ಪ್ರಬಂಧದಲ್ಲಿ ಆ ಪದ ಬರೆದವರಿಗೆ ನಾನು ಸೊನ್ನೆ ಕೊಡುತ್ತಿದ್ದುದನ್ನು ಅಲ್ಲಿಯೂ ಅಣಕಿಸಿದಿರಿ. ಆಗಲಿ ಎಂದೆ. ಅಂಥ ದಿನ ಬಾರದಿರಲಿ ಎಂದೂ ಒಳಗೊಳಗೆ...

ಹೋದ ವಾರ ಬಾಗಿಲು ತಟ್ಟಿದವಳು ನಮ್ಮ ನಾಗರತ್ನ. ಕಡಕೊಳದಿಂದ ಬರುತ್ತಿದ್ದಳಲ್ಲ, ತಡವಾಗಿ ಬಂದು ನನ್ನಿಂದ ಬೈಸಿಕೊಳ್ಳುತ್ತಿದ್ದಳಲ್ಲ, ಅವಳೇ. ಈಗ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್. "ರಜಾ ಸಿಕ್ತಿದ್ದಂಗೇ ಆ ನದಿ ನೋಡಕ್ಕೋದೆ ಮಿಸ್. ರೋಸಮ್ಮ ಮಿಸ್ಸು ಬೋರ್ಡ್ ಮೇಲೆ ಬರ್ದಂಗೇ ಬಳುಕ್ತದೆ! ಅವರಿಗೇ ಅಂತ ತಂದೆ. ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು" ಎಂದು ಅದೇ ಬಗೆಯ ಹಸಿರು ಸೀಸೆಯನ್ನು ಮುಂದಿಟ್ಟು ಅತ್ತಳು. ಅವಳ ಮಾತನ್ನು ಆ ದಿನ ನಾನು ತಿದ್ದಲಿಲ್ಲ, ನಂಬುತ್ತೀರಾ?

ಅವಳೇ ಬಿರಡೆ ತೆಗೆದು ಬೆಳ್ಳಿ ಲೋಟಕ್ಕೆ ಬಗ್ಗಿಸಿದಳು. ಎದುರಿಗೆ ಗೋಡೆಯ ಮೇಲೆ ಅಮ್ಮನ ಪಟ. ಎತ್ತಿದ ಲೋಟವನ್ನು ಕೆಳಗಿಟ್ಟೆ. ಹುಟ್ಟಿದಾರಭ್ಯ ಮುಟ್ಟದ್ದನ್ನು ಈ ವಯಸ್ಸಿನಲ್ಲಿ, ನಿವೃತ್ತಳಾಗಿ ಕೂತ ಮೇಲೆ, ಮುಟ್ಟುವುದೆ? ಆದರೆ ನಿಮಗೆ ಆಗಲಿ ಎಂದವಳೂ ನಾನೇ. ಮತ್ತೆ ಎತ್ತಿದೆ. ಕುಡಿದೆ.

ಚೆನ್ನಾಗಿತ್ತು ಎಂದು ಬರೆಯುವುದಿಲ್ಲ. ಮೊದಲು, ಮಾಗುವ ಮುಂಚಿನ ದ್ರಾಕ್ಷಿಯ ಹುಳಿ. ನುಂಗಿದ ಮೇಲಷ್ಟೇ ತಿಳಿಯುವ ತೆಳುವಾದ ಸಿಹಿ. ವಾಸನೆ? ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ, ದೊಡ್ಡ ಹುಡುಗಿಯರ ಭೂಗೋಳಕ್ಕೆ ಮುಂಚೆ, ನೀವು ನೋಡಿಕೊಳ್ಳುತ್ತಿದ್ದ ಮೂರನೆಯ ತರಗತಿಯ ಮಕ್ಕಳು ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸುತ್ತಿದ್ದಾಗ ಕೋಣೆಯೆಲ್ಲ ತುಂಬುತ್ತಿತ್ತಲ್ಲ, ಅದೇ. ಒದ್ದೆ ಸ್ಲೇಟಿನ ವಾಸನೆ. ಆ ಕಣಿವೆ ನಿಮಗೆ ಸಿಗಲೇ ಇಲ್ಲವೆಂದು ಕೊರಗಿದಿರಿ. ದಿನವೂ ಅದರ ನಡುವೆಯೇ ನಿಂತು ಹಾಜರಿ ಕೂಗುತ್ತಿದ್ದಿರಿ, ರೋಸಮ್ಮನವರೆ.

ಉಳಿದದ್ದನ್ನು ಭಾನುವಾರ ನಾಗರತ್ನಳೊಡನೆ ನಿಮ್ಮ ಸಮಾಧಿಗೆ ತರುತ್ತೇನೆ. ಅಲ್ಲಿಯವರೆಗೆ ಸೀಸೆ ಕತ್ತಲ ಕೋಣೆಯಲ್ಲಿ, ನೀರಿನ ಹೂಜಿಯ ಪಕ್ಕದಲ್ಲಿ ತಣ್ಣಗಿದೆ. ಬಿಸಿಲು ತೋರಿಸಿಲ್ಲ.

ನಿಮ್ಮ,
ಜಾನಕಿ