ತಾಳದವನು ಎದ್ದಾಗ

ಜೂನ್ 6, ಶನಿವಾರ. ಮಧ್ಯಾಹ್ನ

ಇವತ್ತಿನ ಪ್ರೋಗ್ರಾಮ್ ನೋಡಿದೆ. ಬರೀ ಪಿಟೀಲು, ಒಂದೆರಡು ಕೊಳಲು. ಅಂದರೆ ಏಟಿಲ್ಲ. ನೆಮ್ಮದಿಯಾಗಿ ಬಟ್ಟೆ ಒಗೆದೆ.

ನನ್ನ ಗಂಡನಿಗೆ ಸಿಂಫನಿ, ಅಂದರೆ ವಿದೇಶಿ ವಾದ್ಯಮೇಳದ ಹುಚ್ಚು. ಶನಿವಾರ ಸಂಜೆಯ ಆನ್‌ಲೈನ್ ಲೈವ್ ತಪ್ಪಿಸುವವನಲ್ಲ. ಟಿವಿಗೆ ಎರಡು ದೊಡ್ಡ ಸ್ಪೀಕರ್. ಆಫೀಸಿನಲ್ಲಿ ರಸಿಕ ಎಂದೇ ಹೆಸರು. ವಾರವಿಡೀ ನನ್ನ ತಪ್ಪು ಕೂಡಿಡುತ್ತಾನೆ — ಉಪ್ಪು ಕಡಿಮೆ, ಅಮ್ಮನಿಗೆ ಫೋನ್, ಎದುರು ಮಾತು. ಶನಿವಾರ ವಸೂಲಿ. ಆರ್ಕೆಸ್ಟ್ರಾ ಜೋರಾದಾಗ ಹೊಡೆಯುತ್ತಾನೆ, ಮೆಲ್ಲಗಾದಾಗ ನಿಲ್ಲಿಸುತ್ತಾನೆ. ಕೆಳಗಿನ ಮನೆಗೆ ಸಂಗೀತ ಮಾತ್ರ ಕೇಳಬೇಕು.

ಎದುರಿಗೆ 'ರೀ' ಅನ್ನುತ್ತೇನೆ. ಇಲ್ಲಿ 'ಅವನು' ಸಾಕು.

ಜೂನ್ 14, ಭಾನುವಾರ

ನಿನ್ನೆ ದೊಡ್ಡ ಆರ್ಕೆಸ್ಟ್ರಾ. ಕಹಳೆ, ನಗಾರಿ, ಎಲ್ಲ. ಹಿಂದಿನ ಸಾಲಿನಲ್ಲಿ ಎರಡು ದೊಡ್ಡ ಹಿತ್ತಾಳೆ ತಟ್ಟೆಗಳ ತಾಳದವನು. ಇಡೀ ಹೊತ್ತು ಕೈಕಟ್ಟಿ ಕೂತು, ಕೊನೆಗೆ ಎದ್ದು ನಿಲ್ಲುತ್ತಾನೆ. ಅವನೆದ್ದರೆ ಇವನೂ ಏಳುತ್ತಾನೆ. ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದ. ಬಿದ್ದ ಮೇಲೆ ಪಕ್ಕೆಗೆ ಒದ್ದ.

ಆಗ ನೆಟ್ ಕೈಕೊಟ್ಟಿತು. ಪರದೆಯ ಮೇಲೆ ಚಕ್ರ ತಿರುಗುತ್ತಿದೆ. ತಾಳ ಎತ್ತಿದವನ ಕೈ ಹಾಗೇ ಮೇಲೆ. ಕೋಣೆಯಲ್ಲಿ ನನ್ನ ಚೀರಾಟ ಒಂದೇ... ನನಗೇ ಹೊಸದೆನ್ನಿಸಿತು. ನನ್ನ ಬಾಯಿ ಒತ್ತಿ ಹಿಡಿದ, ಉಸಿರು ಕಟ್ಟುವಷ್ಟು.

ಜೂನ್ 16, ಮಂಗಳವಾರ

ಟೈಲರಮ್ಮ ಮೆಟ್ಟಿಲಲ್ಲಿ ಸಿಕ್ಕರು. ಕೆಳಗಿನ ಮನೆ, ನಮ್ಮ ಓನರ್.

"ಶನಿವಾರ ಏನೋ ಬಿದ್ದಂಗಾಯ್ತು?"

"ಪಾತ್ರೆ ಬಿತ್ತಮ್ಮ."

"ಪಾತ್ರೆ 'ಅಮ್ಮಾ' ಅಂತ ಕೂಗಲ್ಲ ಕಣೇ."

ಅಳತೆಯ ನೆಪದಲ್ಲಿ ಒಳಗೆ ಕರೆದು ಬೆನ್ನು ನೋಡಿದರು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದೇ ಡಬ್ಬಿಗೆ ಹಾಕಿದರು. ಆಮೇಲೆ ಬೈದರು. ಆ ಬೈಗುಳ ಬರೆಯಲು ನಾಚಿಕೆ. ಕೇಳಲು ಸುಖವಾಗಿತ್ತು.

"ಪೊಲೀಸಿಗೆ ಹೇಳು."

"ಹೇಳಿದ್ದೆ. ಬಂದ್ರು. ಟೀ ಕೊಟ್ಟು, ಸಂಗೀತ ಕೇಳಿಸಿ ಕಳಿಸಿದ. ಸಾಕ್ಷಿ ಯಾರಮ್ಮ ಅಂದ್ರು."

ಜೂನ್ 19, ಶುಕ್ರವಾರ

ನಮ್ಮ ಮನೆಯ ಮೇನ್ ಸ್ವಿಚ್ ಟೈಲರಮ್ಮನ ಪ್ಯಾಸೇಜಿನಲ್ಲಿದೆ. ನಾಳೆ ಮತ್ತೆ ದೊಡ್ಡ ಆರ್ಕೆಸ್ಟ್ರಾ. ಅವರ ಫೋನಿಗೂ ಲೈವ್ ಬರುವ ಹಾಗೆ ಮಾಡಿಕೊಟ್ಟೆ. ಕಳೆದ ವಾರದ ರೆಕಾರ್ಡಿಂಗಿನಲ್ಲಿ ತಾಳದವನನ್ನು ತೋರಿಸಿದೆ.

"ಸುಮ್ನೆ ಕೂತಿರೋಕೂ ಇವನಿಗೆ ಸಂಬಳನಾ?"

"ಅವನೆದ್ದು ತಾಳ ಬಡಿದ ತಕ್ಷಣ ಕರೆಂಟ್ ತೆಗೀರಿ."

"ಅಕ್ಕಪಕ್ಕದವರನ್ನ ಮೆಟ್ಟಿಲ ಮೇಲೆ ನಿಲ್ಲಿಸ್ತೀನಿ. ಅಲ್ಲೀವರೆಗೆ ನೀನು ಏಟು ತಿಂತೀಯಾ?"

"ಒಂದು. ಕೊನೇದು."

ಹೇಳಿದ್ದು ಧೈರ್ಯವಾಗಿ. ಮೇಲೆ ಬಂದು ನಾಳೆಯ ಪ್ರೋಗ್ರಾಮ್ ಮತ್ತೆ ಮತ್ತೆ ಓದಿದೆ.

ಜೂನ್ 21, ಭಾನುವಾರ. ಟೈಲರಮ್ಮನ ಮನೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪ್ಲಾಸ್ಟರ್.

ಒಂದು ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಲೈವ್ ನಮ್ಮ ಟಿವಿಗಿಂತ ತಡವಾಗಿ ಬರುತ್ತದೆ. ಮೇಲೆ ತಾಳ ಬಡಿದಾಗ ಕೆಳಗೆ ಫೋನಿನಲ್ಲಿ ತಾಳದವನಿನ್ನೂ ಕೈಕಟ್ಟಿ ಕೂತಿದ್ದನಂತೆ. ಆ ನಡುವೆ ನನ್ನ ಮಣಿಕಟ್ಟು ಹೋಯಿತು. ಮೊಣಕಾಲು ಊರಿ ತಿರುಚಿದ. ಲಟಕ್ಕೆಂದಿತು. ಹಲ್ಲು ಕಚ್ಚಿ ಸುಮ್ಮನಿದ್ದೆ — ಈ ಸಲ ಜನಕ್ಕೆ ಕೇಳಬೇಕಾದ್ದು ಅವನ ದನಿ.

ಕರೆಂಟ್ ಹೋಯಿತು. ಆರ್ಕೆಸ್ಟ್ರಾ ಸತ್ತಿತು. ಅವನಿಗೆ ನಿಲ್ಲಿಸಲು ಆಗಲಿಲ್ಲ.

"ಇನ್ನೊಂದು ಕೈಯೂ ಮುರೀತೀನಿ. ಕೂಗು, ಯಾರಿಗೆ ಕೇಳುತ್ತೆ ನೋಡೋಣ."

ಬಾಗಿಲಾಚೆ ಟೈಲರಮ್ಮ: "ನಮಗೆಲ್ಲ ಕೇಳ್ತಾ ಇದೆಯಪ್ಪ. ಬಾಗಿಲು ತೆಗಿ."

ತೆಗೆಯಲಿಲ್ಲ. ಒಡೆದರು. ಪೊಲೀಸರು ಬಂದು ಎಳೆದುಕೊಂಡು ಹೋದರು. ಈ ಸಲ ಟೀ ಇರಲಿಲ್ಲ.

ಜೂನ್ 27, ಶನಿವಾರ. ಸಂಜೆ

ಟೈಲರಮ್ಮ ಹೊಲಿಗೆ ಮಷಿನ್‌ಗೆ ಫೋನ್ ಒರಗಿಸಿಟ್ಟು ಲೈವ್ ಹಾಕಿದರು. ಬೇಡ ಅಂದೆ.

"ಅವನಪ್ಪನ ಸ್ವತ್ತಾ ಇದು? ಕೂತ್ಕೊ."

ದೊಡ್ಡ ಆರ್ಕೆಸ್ಟ್ರಾ, ಪುಟ್ಟ ಸದ್ದು. ಕೂತಿದ್ದೇನೆ. ಕೇಳುತ್ತಲೇ ಎಡಗೈಯಲ್ಲಿ ಬರೆಯುತ್ತಿದ್ದೇನೆ.

ತಾಳದವನು ಎದ್ದ. ಪ್ಲಾಸ್ಟರ್ ಕೈ ತಾನಾಗಿ ತಲೆಯ ಮೇಲೆ ಹೋಯಿತು.

ಬಡಿದ.

ಏಟು ಬೀಳಲಿಲ್ಲ. ಟೈಲರಮ್ಮ ಗುಂಡಿ ಹೊಲಿಯುತ್ತಿದ್ದಾರೆ. ತಾಳ ಆದ ಮೇಲೂ ಇದು ಮುಂದುವರಿಯುತ್ತದೆ... ನನಗೆ ಗೊತ್ತೇ ಇರಲಿಲ್ಲ. ಪಿಟೀಲುಗಳೆಲ್ಲ ಒಟ್ಟಿಗೆ, ಮೆಲ್ಲಗೆ — ಇದು ಎಷ್ಟು... ಇರಲಿ, ಆಮೇಲೆ ಬರೆಯುತ್ತೇನೆ. ಮೊದಲು ಕೇಳಬೇಕು.