ಮಾವನಿಗೆ ಬಂದ ಕಾಯಿಲೆ

ಗುಂಡ್ಲುಪೇಟೆ
೧೨-೧೧-೧೯೫೬

ಅವ್ವ,

ನಿನ್ನ ಮಗಳು ಶಾಂತಮಲ್ಲಮ್ಮ ಇಲ್ಲಿಂದಲೇ ಬಗ್ಗಿ ನಿನ್ನ ಪಾದ ಮುಟ್ಟುತ್ತಿದ್ದಾಳೆ. ಗುರುಪಾದಣ್ಣ ನಿನ್ನ ಪಕ್ಕ ಕುಳಿತು ಇದನ್ನು ಓದಿ ಹೇಳುತ್ತಾನೆ. ಪೂರ್ತಿ ಕೇಳಿಸಿಕೊಂಡ ಮೇಲೆ ಬಯ್ಯಿ.

ಎರಡು ತಿಂಗಳಿಂದ ಕಾಗದ ಬರೆಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿದ್ದೆ. ಹೊಟ್ಟೆಯ ಆಪರೇಷನ್ ಆಯಿತು. ನಿನಗೆ ತಿಳಿಸಬೇಡಿ ಎಂದು ಇವರಿಂದ ಆಣೆ ಮಾಡಿಸಿಕೊಂಡವಳು ನಾನೇ. ಅಳಿಯನ ಮೇಲೆ ಸಿಟ್ಟಾಗಬೇಡ.

ಮೂರು ವರ್ಷದ ಹಿಂದೆ ಮಾವ ಚಿಕ್ಕಮಲ್ಲಪ್ಪನವರಿಗೆ ಆಗಿತ್ತಲ್ಲ, ಹೊರಕಡೆಗೆ ಹೋದಾಗ ರಕ್ತ, ಕರುಳಿನಲ್ಲಿ ಗಂಟು. ಅದೇ ನನಗೂ. ಅವರಿಗೆ ಆಗ ಅರವತ್ತಾರು. ಒಂದು ದಿನ ರಕ್ತ ಕಂಡದ್ದಕ್ಕೇ ಮನೆಯವರೆಲ್ಲ ಹೆದರಿ ಮಾರನೆಯ ದಿನವೇ ಮೈಸೂರಿನ ಬಸ್ಸು ಹತ್ತಿಸಿದರು. ಡಾಕ್ಟರು ಗಂಟು ತೆಗೆದು ಕರುಳು ಹೊಲಿದರು. ಈಗ ದಿನವೂ ಈರುಳ್ಳಿ ಹೊಲಕ್ಕೆ ನಡೆದೇ ಹೋಗಿ ಬರುತ್ತಾರೆ.

ನನ್ನದು ಹಾಗಾಗಲಿಲ್ಲ. ಹೋದ ವರ್ಷ ದೀಪಾವಳಿಯ ಹೊತ್ತಿಗೇ ರಕ್ತ ಕಂಡಿತ್ತು. ಮಗುವಿಗೆ ಆಗ ಎಂಟು ತಿಂಗಳು. ಹೆತ್ತ ಮೈಯ ಉಷ್ಣ ಎಂದುಕೊಂಡು ಸುಮ್ಮನಿದ್ದೆ. ಇಪ್ಪತ್ತಾರರ ಹೆಂಗಸು ಇಂಥದ್ದನ್ನು ಯಾರ ಮುಂದೆ ಹೇಳುವುದು? ನೋವು ತಡೆಯಲಾರದೆ ಕೊನೆಗೆ ಅತ್ತೆಗೆ ಹೇಳಿದೆ.

“ಮೂಲವ್ಯಾಧಿ ಕಣಮ್ಮಿ, ನಂಗೂ ಆಗಿತ್ತು. ಮಜ್ಜಿಗ ಕುಡಿ, ಖಾರ ಬುಡು” ಅಂದರು.

ಪಂಡಿತರೂ ನಾಡಿ ಹಿಡಿದು ಅದನ್ನೇ ಹೇಳಿ ಪುಡಿ ಕೊಟ್ಟರು. ಮಾವನ ಕಾಯಿಲೆ ಮನೆಯವರೆಲ್ಲ ಕಂಡದ್ದೇ ಆದರೂ, ಅದು ನನಗೂ ಬಂದಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಅವ್ವ. ಅದು ವಯಸ್ಸಾದವರ ಕಾಯಿಲೆ ಅಂದುಕೊಂಡಿದ್ದೆವು.

ಹೀಗೆ ಹತ್ತು ತಿಂಗಳು ಕಳೆಯಿತು. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಾಗ ಗುರುತು ಹಿಡಿದವರು ಮಾವ. ಸೊಸೆಯನ್ನು ಕೇಳಬಾರದ್ದನ್ನು ತಲೆ ತಗ್ಗಿಸಿಕೊಂಡು ಕೇಳಿದರು: “ರಕ್ತ ಓಯ್ತದಾ ಕೂಸು?” ಹೂಂ ಅಂದೆ. ಮಾರನೆಯ ದಿನವೇ ಅವರೇ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು.

ಈಗ ಮನೆಗೆ ಬಂದಿದ್ದೇನೆ. ಹೊಲಿಗೆ ಬಿಚ್ಚಿದ್ದಾರೆ. ಗಂಜಿ ಇಳಿಯುತ್ತದೆ. ಅರವತ್ತಾರರ ಮೈಯೇ ತಡೆದುಕೊಂಡಿತು, ಎಳೆಯ ಮೈ ಇನ್ನೂ ಬೇಗ ಕೂಡಿಕೊಳ್ಳುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ನೀನೂ ಹಾಗೇ ಅಂದುಕೊ. ಮಗು ಓಡಾಡುತ್ತಾಳೆ. ಹೊಟ್ಟೆಯ ಮೇಲೆ ಹತ್ತಬೇಡ ಅಂದರೆ ಮುನಿಸಿಕೊಂಡು ಅತ್ತೆಯ ಹತ್ತಿರ ಹೋಗುತ್ತಾಳೆ. ಈಚೆಗೆ ಅಲ್ಲೇ ಮಲಗುವುದು ರೂಢಿಯಾಗಿದೆ.

ನಿನ್ನ ಕೂಸು,
ಶಾಂತ

ಅಣ್ಣ, ಇಲ್ಲಿಂದ ಮುಂದಿನದು ನಿನಗೆ ಮಾತ್ರ. ಗಟ್ಟಿಯಾಗಿ ಓದಬೇಡ.

ನನ್ನ ಗಂಟು ತೆಗೆದಿಲ್ಲ. ಹೊಟ್ಟೆ ಕೊಯ್ದು ನೋಡಿ ಹಾಗೇ ಹೊಲಿದರು. ಕ್ಯಾನ್ಸರ್ ಅಂತೆ, ಈಲಿಗೂ, ಅದೇ ಲಿವರಿಗೂ, ಹಬ್ಬಿದೆಯಂತೆ. ನನಗೆ ಯಾರೂ ಹೇಳಲಿಲ್ಲ. ವಾರ್ಡಿನ ಬಾಗಿಲಾಚೆ ಮಾವ ಡಾಕ್ಟರನ್ನು ಬೇಡುತ್ತಿದ್ದುದು ಕೇಳಿಸಿತು.

“ಮುದುಕ ನಾನೇ ಉಳ್ಕಂಡೆ ಸಾಮಿ. ಇದು ಎಳೇ ಜೀವ, ಇದ್ಯಾಕ ಉಳಿಯಲ್ಲ?”

ಡಾಕ್ಟರು ಮೆಲ್ಲಗೆ ಹೇಳಿದರು. ಇದು ಹೆಚ್ಚಾಗಿ ವಯಸ್ಸಾದವರಿಗೆ ಬರುವುದು, ಅದಕ್ಕೇ ಚಿಕ್ಕವರಲ್ಲಿ ಯಾರೂ ಅನುಮಾನ ಪಡುವುದಿಲ್ಲವಂತೆ. ತಮ್ಮ ಹತ್ತಿರ ಬರುವಷ್ಟರಲ್ಲಿ ಬಲಿತುಬಿಟ್ಟಿರುತ್ತದಂತೆ. ಕೆಲವು ಎಳೆಯರಲ್ಲಿ ಅದು ಬೆಳೆಯುವ ವೇಗವೂ ಜಾಸ್ತಿಯಂತೆ. ಆಮೇಲೆ ಮಾವ ಒಳಗೆ ಬಂದು ನನ್ನ ಕಾಲ ಬಳಿ ಕುಳಿತರು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ಬರುವ ಸೋಮವಾರದ ಬಸ್ಸಿಗೇ ಅವ್ವನನ್ನು ಕರೆದುಕೊಂಡು ಬಾ. ಮಗುವಿಗೆ ಕಿವಿ ಚುಚ್ಚಿಸುತ್ತಾರಂತೆ ಎಂದು ಹೇಳು. ನನ್ನನ್ನು ನೋಡಿದ ಕೂಡಲೆ ಅವ್ವನಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾಗಲಿ. ನನ್ನ ಬಾಯಿಂದ ಹೇಳಲಾರೆ.