ಕುರ್ಚಿಯ ಮೇಲಿನ ನಾಲ್ಕು ಬೆರಳು

ಜೂನ್ ೧೦, ೧೯೭೪. ಸೋಮವಾರ. ಚಿತ್ರದುರ್ಗ

ಮದುವೆ ಫೋಟೋ ಮುಗಿಸಿದೆ. ಮದುಮಗಳ ಮೊಡವೆ ತೆಗೆದೆ, ಮಾವನ ಬೋಳುತಲೆಯ ಹೊಳಪು ಇಳಿಸಿದೆ. ಮದುಮಗನ ಮೀಸೆಗೆ ಪೆನ್ಸಿಲ್ ಇಡಲಿಲ್ಲ. ಅವರು ಹೇಳಿಲ್ಲ. ಕೇಳದೆ ಮಾಡಿದರೆ ನಾಳೆ ಬಂದು ನನ್ನ ಮೇಲೆಯೇ ಕೂಗಾಡುತ್ತಾರೆ.

ಫೋಟೋ ತೊಳೆಯುವ ಹೈಪೋ ಡಬ್ಬಿ ನಾನು ಇಟ್ಟ ಜಾಗದಲ್ಲಿರಲಿಲ್ಲ. ಸ್ಟುಡಿಯೋದ ಯಜಮಾನರು ಉಗ್ರಪ್ಪನವರನ್ನು ಕೇಳಿದರೆ, "ಬೆಕ್ಕು ಸರಿಸಿರಬೇಕು ಬಿಡಪ್ಪ" ಅಂದರು. ಬೆಕ್ಕಿಗೆ ಹೈಪೋ ಏತಕ್ಕೆ?

ಮೂವತ್ತೊಂದನೇ ಬಿಲ್ಲೆ ಇನ್ನೂ ಮೊಳೆಯ ಮೇಲಿಲ್ಲ. ಯುಗಾದಿಯಿಂದ ಇಲ್ಲ. ಹಿರಿಯೂರಿನಲ್ಲೂ ಹೊಳಲ್ಕೆರೆಯಲ್ಲೂ ಬ್ರ್ಯಾಂಚ್ ತೆರೆದಾಗ ಈ ಕಟ್ಟಳೆ ಹಾಕಿಸಿದ್ದೇ ನಾನು. ಒಂದು ಫೋಟೋಕ್ಕೆ ಒಂದು ಹಿತ್ತಾಳೆ ಬಿಲ್ಲೆ. ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಆ ಫೋಟೋ ತಿದ್ದಬೇಕು. ಮಿಕ್ಕವರು ಕೈ ಕಟ್ಟಿಕೊಂಡು ಕಾಯಬೇಕು. ಇಲ್ಲದಿದ್ದರೆ ಒಂದೇ ಮುಖಕ್ಕೆ ಮೂರು ಮೂಗು. ಮೂವತ್ತೊಂದು ಅಂದರೆ ಬೀರಪ್ಪನವರ ಮನೆಯ ಗ್ರೂಪ್ ಫೋಟೋ — ನನ್ನ ತಂಗಿ ಸಿದ್ದಕ್ಕನನ್ನು ಕೊಟ್ಟ ಮನೆ. ಮೂರು ವರ್ಷದ ಹಿಂದೆ ಹೊಳಲ್ಕೆರೆಯ ಅವರ ಅಂಗಳದಲ್ಲಿ ಹಿಂದೆ ಪರದೆ ಕಟ್ಟಿ ನಾನೇ ತೆಗೆದದ್ದು. ಅದರ ಬಿಲ್ಲೆಯೇ ಕಾಣೆಯಾಗಬೇಕೆ. ಸುಮ್ಮನೆ ಆಗಿದ್ದಲ್ಲ.

ಜೂನ್ ೧೨, ಬುಧವಾರ

ಐಮಂಗಲದಿಂದ ಕರಿಸಿದ್ದಪ್ಪ ಬಂದಿದ್ದ. ಬೀರಪ್ಪನವರ ಹಿರಿಯ ಮಗ. ಸಿದ್ದಕ್ಕನ ಗಂಡ ಸಣ್ಣಪ್ಪನಿಗೆ ಅಣ್ಣ. ಮುದುಕರು ಹೋದ ಮೇಲೆ ಅಣ್ಣತಮ್ಮಂದಿರು ಬೇರೆ ಬೇರೆ. ಇವನಿಗೆ ಹಿರಿಯೂರು ಹತ್ತಿರ, ಅವನಿಗೆ ಹೊಳಲ್ಕೆರೆ. ಫೋಟೋ ಮಾತ್ರ ಒಂದೇ.

ಈಗ ಗೊತ್ತಾಯಿತು — ಆ ಫೋಟೋವನ್ನು ಎರಡೂ ಬ್ರ್ಯಾಂಚಿನಲ್ಲಿ, ತಮ್ಮ ತಮ್ಮ ಕಾಪಿ ನೆಗೆಟಿವ್ ಮೇಲೆ ತಿದ್ದಿದ್ದಾರೆ. ಒಂದೇ ಸಮಯಕ್ಕೆ! ಹಿರಿಯೂರಿನ ಕಾಟಲಿಂಗಪ್ಪ, ಯಾವಾಗಲೋ ತೀರಿಹೋದ ಅವರ ತಾಯಿ ಬರಗೇರಮ್ಮನ ಮುಖವನ್ನು ಹಳೆಯ ಚಿತ್ರದಿಂದ ಎತ್ತಿ, ಅವಳನ್ನು ಗಂಡನ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದಾನೆ. ಹೊಳಲ್ಕೆರೆಯ ರಂಗಪ್ಪ, ಮುದುಕರು ರೆಪ್ಪೆ ಮುಚ್ಚಿದ್ದ ಎಡಗಣ್ಣನ್ನು ತೆರೆಸಿದ್ದಾನೆ. ಕರಿಸಿದ್ದಪ್ಪನ ಹೊಸ ಮನೆಗೆ ಎರಡೂ ಬೇಕು.

"ಅವ್ವ ನನ್ನ ಫೋಟೋದಾಗೆ ಅವಳೆ, ಅಪ್ಪನ ಕಣ್ಣು ತಮ್ಮನ ಮನ್ಯಾಗೈತೆ. ಒಂದ್ರಾಗೇ ಮಾಡಿಕೊಡ್ರಿ. ದೊಡ್ಡದು" ಅಂದ.

ಯಜಮಾನರಿಗೆ ಇದನ್ನು ಕೇಳಿ ಹೊಸ ಹುರುಪು. ಉಗ್ರಪ್ಪನವರಿಗೆ ಹುರುಪು ಬಂದರೆ ನನಗೆ ಕೆಲಸ. ನನ್ನ ಕಡೆ ತಿರುಗಿದರು.

"ಪರೀಕ್ಷೆ ಮಾಡಿ ನೋಡು ಕರಿಯಣ್ಣ. ಇದು ಆಯ್ತು ಅಂದ್ರೆ ಬಿಲ್ಲೆ ಗಿಲ್ಲೆ ಏನೂ ಬ್ಯಾಡ. ಎಲ್ಲಾ ಕಡೆ ಒಟ್ಟಿಗೇ ತಿದ್ಲಿ, ಕೊನೆಗೆ ನೀನು ಸೇರಿಸಿಬಿಡು. ಹೊಸದುರ್ಗದಾಗೂ ಒಂದು ತೆರಿಯಾಣ."

ಲಗ್ನಪತ್ರಿಕೆಯಾದರೆ ಸರಿ. ಒಬ್ಬ ಮೇಲಿನ ಸಾಲು ತಿದ್ದುತ್ತಾನೆ, ಇನ್ನೊಬ್ಬ ಕೆಳಗಿನದು. ಪ್ರೆಸ್ಸಿನವನು ಆ ಸಾಲು ಇಲ್ಲಿಂದ, ಈ ಸಾಲು ಅಲ್ಲಿಂದ ಎತ್ತಿಟ್ಟರೆ ಮುಗಿಯಿತು. ಫೋಟೋದಲ್ಲಿ ಸಾಲೆಲ್ಲಿದೆ? ಎಲ್ಲ ಒಂದೇ ಮುದ್ದೆ. ಹೇಳಿದೆ. ಕೇಳಲಿಲ್ಲ. ಎರಡೂ ನೆಗೆಟಿವ್ ತರಿಸಿ ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ.

ಕಾಟಲಿಂಗಪ್ಪನಿಗೆ ಬಿಲ್ಲೆ ಕೊಟ್ಟವರಾರು? ಅವನು ನನ್ನ ಜಾಗದ ಮೇಲೆ ಕಣ್ಣಿಟ್ಟಿದ್ದಾನೆಂದು ನನಗೆ ಮೊದಲಿಂದಲೂ ಅನುಮಾನ.

ಜೂನ್ ೧೫, ಶನಿವಾರ

ಮೊದಲ ಪರೀಕ್ಷೆ. ನೆಗೆಟಿವ್ ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕು ಬಿಟ್ಟೆ. ಮುದುಕರ ಎಡಗಣ್ಣು ತೆರೆದದ್ದೂ ಹೌದು, ಮುಚ್ಚಿದ್ದೂ ಹೌದು. ಬರಗೇರಮ್ಮನ ಎದೆಯ ಮೇಲೆಲ್ಲ ಪರದೆಯ ಮಡಿಕೆ. ಸಿದ್ದಕ್ಕ ಮಸುಕು ಮಸುಕಾಗಿ ಹೊಗೆಯಂತೆ ಬಂದಳು. ಪೇಪರ್ ಹಳತು, ಯಜಮಾನರು ಅಗ್ಗಕ್ಕೆ ತಂದಿದ್ದಾರೆ ಅಂದುಕೊಂಡೆ.

ಸಂಜೆ ೫

ಎರಡನೇ ಪರೀಕ್ಷೆ. ಕಪ್ಪು ರಟ್ಟು ಕತ್ತರಿಸಿ ಮರೆ ಮಾಡಿದೆ. ಬರಗೇರಮ್ಮನೂ ಕುರ್ಚಿಗಳೂ ಹಿರಿಯೂರಿನ ನೆಗೆಟಿವ್‌ನಿಂದ. ಮಿಕ್ಕದ್ದೆಲ್ಲ ಹೊಳಲ್ಕೆರೆಯದರಿಂದ. ಗಡಿ ಎಲ್ಲಿಯೂ ಕಾಣದಂತೆ ರಟ್ಟನ್ನು ಅಲುಗಾಡಿಸುತ್ತ ಬೆಳಕು ಬಿಟ್ಟೆ. ಪೇಪರನ್ನು ನೀರಿಗೆ ಹಾಕಿ ಎತ್ತಿದಾಗ ನನಗೇ ಭೇಷ್ ಅನ್ನಿಸಿತು. ಕಣ್ಣು ಕೂತಿದೆ. ತಾಯಿ ಕೂತಿದ್ದಾಳೆ.

ಆಮೇಲೆ ಕಂಡಿತು. ಮುದುಕರ ಕುರ್ಚಿಯ ಮೂಲೆಯ ಮೇಲೆ ನಾಲ್ಕು ಬೆರಳು. ಕಿರುಬೆರಳಿಗೆ ಉಂಗುರ. ಬೆರಳಿನ ಹಿಂದೆ ಕೈಯಿಲ್ಲ, ಆಳಿಲ್ಲ. ಬರೀ ಪರದೆ.

ಉಂಗುರ ನನಗೆ ಗೊತ್ತು. ಸಿದ್ದಕ್ಕನ ಮದುವೆಯಲ್ಲಿ ನಾನೇ ಮಾಡಿಸಿದ್ದು. ಹೊಳಲ್ಕೆರೆಯ ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದೆ. ಸಿದ್ದಕ್ಕ ಇಲ್ಲ. ಅವಳು ನಿಂತಿದ್ದ ಕಡೆ ಪರದೆ ಬರೆದಿದ್ದಾರೆ, ಬಹಳ ನಾಜೂಕಾಗಿ. ಬೆರಳು ಹಿರಿಯೂರಿನ ಕುರ್ಚಿಯ ಜೊತೆ ಬಂದುಬಿಟ್ಟಿದೆ.

ನನ್ನ ತಂಗಿಯನ್ನು ಯಾರೋ ಅಳಿಸಿದ್ದಾರೆ.

ಜೂನ್ ೧೬, ಭಾನುವಾರ

ನಿದ್ದೆಯಿಲ್ಲ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಗಂಡನ ಮನೆಯ ಫೋಟೋದಿಂದ ಸೊಸೆಯನ್ನು ತೆಗೆಸುತ್ತಾರೆಂದರೆ ಅರ್ಥವೇನು? ಸಣ್ಣಪ್ಪ ಇನ್ನೊಂದು ಹೆಣ್ಣು ನೋಡಿದ್ದಾನೆ. ಇವಳನ್ನು ಮೊದಲು ಗೋಡೆಯಿಂದ ಇಳಿಸಿ, ಆಮೇಲೆ ಮನೆಯಿಂದ ಇಳಿಸುತ್ತಾನೆ. ಭಯವಾಗುತ್ತಿದೆ.

ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ಹೇಳಿದೆ. "ಏನೋ ಕೈತಪ್ಪಿ ಆಗಿರ್ತೈತೆ. ಉಣ್ಣ್ರಿ" ಅಂದಳು. ನನ್ನ ಮುಖ ನೋಡದೆ ಸಾರು ಬಡಿಸಿದಳು. ಆಳೆತ್ತರದ ಹೆಂಗಸು ಕೈತಪ್ಪಿ ಹೋಗುತ್ತಾಳೆಯೇ? ಇವಳೂ ಏನೋ ಮುಚ್ಚಿಡುತ್ತಿದ್ದಾಳೆ.

ಜೂನ್ ೧೯, ಬುಧವಾರ. ಹಿರಿಯೂರು ಬಸ್ ಸ್ಟ್ಯಾಂಡು

ಕಾಟಲಿಂಗಪ್ಪನ ಜೊತೆ ಜಗಳವಾಡಿ ಬಂದು ಕೂತಿದ್ದೇನೆ. ಬೆಂಗಳೂರು ಕಡೆಯ ಬಸ್ಸುಗಳೆಲ್ಲ ಬರುತ್ತಿವೆ, ನಮ್ಮದಿಲ್ಲ.

ಗಿರಾಕಿಗಳ ಎದುರಿಗೇ ಕೇಳಿಬಿಟ್ಟೆ — ಬಿಲ್ಲೆ ಕದ್ದೆಯಾ, ಯಾರ ಮಾತು ಕೇಳಿ ನನ್ನ ತಂಗಿಯ ತಂಟೆಗೆ ಬಂದೆ ಅಂತ. ಅವನು ಕೈಯಲ್ಲಿದ್ದ ಕುಂಚ ಕೆಳಗಿಟ್ಟ.

"ಬಿಲ್ಲೆ ಕಳಿಸ್ರಿ ಅಂತ ಎರಡು ಸಲ ಹೇಳಿ ಕಳಿಸ್ದೆ. ನೀವು ಉತ್ತರಾನೇ ಕೊಡ್ಲಿಲ್ಲ. ಗಿರಾಕಿ ಬಾಗಿಲಾಗೆ ಕುಂತಿದ್ದ, ಬಿಲ್ಲೆ ಇಲ್ದೇ ಮಾಡ್ದೆ. ಅದು ನನ್ನ ತಪ್ಪು, ಒಪ್ಕಂತೀನಿ. ಆದ್ರೆ ನನ್ನ ಕಾಪಿ ತೆಗೆದು ನೋಡ್ರಿ, ನಿಮ್ಮ ತಂಗಿ ನಿಂತಲ್ಲೇ ಅವ್ಳೆ. ಇಲ್ದೋರನ್ನ ಕೂರ್ಸೋನು ನಾನು. ಇರೋರನ್ನ ಎಬ್ಬಿಸೋನಲ್ಲ."

ಹೌದು, ಅವನ ಕಾಪಿಯಲ್ಲಿ ಇದ್ದಾಳೆ. ಅದು ನನಗೆ ಗೊತ್ತಿದ್ದೂ ಯಾಕೆ ಬಂದೆ? ಯಾರನ್ನಾದರೂ ಬೈಯಬೇಕಿತ್ತು. ಅವನು ಕಾಫಿ ತರಿಸಿದ. ಕುಡಿಯಲಿಲ್ಲ. ಕುಡಿಯಬಹುದಿತ್ತು.

ಜೂನ್ ೨೭, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ದೊಡ್ಡ ಫೋಟೋ ಎಲ್ಲಿಗೆ ಬಂತು ಎಂದು ಯಜಮಾನರು ದಿನಾ ಕೇಳುತ್ತಾರೆ. ಪೇಪರ್ ಇಲ್ಲ, ಕರೆಂಟ್ ಇಲ್ಲ, ಹೀಗೇ ಏನೋ ಹೇಳಿ ತಳ್ಳುತ್ತಿದ್ದೇನೆ.

ಇವತ್ತು ಸಣ್ಣಪ್ಪನೇ ಸ್ಟುಡಿಯೋಕ್ಕೆ ಬಂದ. ಉಣ್ಣೆ ಮಾರಲು ಬಂದಿದ್ದನಂತೆ. ಕಾಲಿಗೆ ಹೊಸ ಚಪ್ಪಲಿ. ಯಾರೆದುರು ಓಡಾಡಲು? ನೇರ ಕೇಳಿದರೆ ಜಾರಿಕೊಳ್ಳುತ್ತಾನೆಂದು ಸುತ್ತು ಬಳಸಿ ಬಂದೆ.

"ಫೋಟೋ ಹೆಂಗೈತೆ ಸಣ್ಣಪ್ಪ?"

"ಚೆನ್ನಾಗೈತೆ ಭಾವ. ಅಪ್ಪ ನಮ್ಮನ್ನೇ ನೋಡ್ದಂಗೈತೆ."

"ಎಲ್ಲಾರೂ ಸರಿಯಾಗಿ ಕಾಣ್ತಾರಾ?"

"ಕಾಣ್ತಾರೆ. ಯಾಕೆ?"

ಕಣ್ಣು ಮಿಟುಕಿಸಲಿಲ್ಲ. ಎಂಥ ಗಟ್ಟಿಗ! ಹೆಂಡತಿಯನ್ನು ಅಳಿಸಿ, ಅವಳ ಅಣ್ಣನೆದುರೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ. ನಾಳೆ ಹೊಳಲ್ಕೆರೆಗೆ ಹೋಗುತ್ತೇನೆ.

ಜೂನ್ ೨೮, ಶುಕ್ರವಾರ. ಸಂಜೆ

ಹೋಗಿ ಬಂದೆ. ಮೊದಲು ಸ್ಟುಡಿಯೋ. ರಂಗಪ್ಪ ನನ್ನನ್ನು ಕಂಡದ್ದೇ ಗಲ್ಲಾಪೆಟ್ಟಿಗೆಯಿಂದ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಮೂವತ್ತೊಂದು.

"ಕುಂತ್ಕಳ್ರಿ. ವಾಪಸ್ ಕೊಡಾಕೆ ಮರೆತೇ ಹೋಗಿತ್ತು" ಅಂದ.

"ಇದು ನಿನಗೆ ಹೆಂಗೆ ಬಂತು?"

"ನಿಮ್ಮ ತಂಗಿ ತಂದುಕೊಟ್ರಲ್ಲ. ಮಾವಾರ ಕಣ್ಣು ತೆರೀರಿ, ಈಯಮ್ಮನ್ನ ತೆಗೀರಿ ಅಂದ್ರು. ಈಯಮ್ಮ ನೀವೇ ಅಲ್ವೇನ್ರಿ ಅಂದೆ. ಹೌದು, ಅಣ್ಣ ಹೇಳ್ಯಾನೆ ಅಂದ್ರು. ಬಿಲ್ಲೆ ಇತ್ತಲ್ಲ, ನೀವೇ ಕಳಿಸೀರಿ ಅಂದ್ಕಂಡೆ."

ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ. ಯುಗಾದಿಗೆ ಬಂದವಳು ಸ್ಟುಡಿಯೋಕ್ಕೇ ಹೋಳಿಗೆ ತಂದುಕೊಟ್ಟಿದ್ದಳು. ನಾನು ಕೈ ತೊಳೆಯಲು ಒಳಗೆ ಹೋಗಿದ್ದೆ. ಇಡೀ ಊರನ್ನೇ ಅನುಮಾನಿಸಿದೆ, ಆ ಹೋಳಿಗೆಯನ್ನು ಬಿಟ್ಟು.

ಅವರ ಮನೆಗೆ ಹೋದಾಗ ಸಿದ್ದಕ್ಕ ಒಬ್ಬಳೇ ಇದ್ದಳು. ಪಡಸಾಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನೆತ್ತಿಯ ಮೇಲೆ, ಗೋಡೆಯಲ್ಲಿ, ಅದೇ ಫೋಟೋ. ನಾನು ಅದನ್ನು ನೋಡಿದೆ. ಅವಳು ನನ್ನನ್ನು ನೋಡಿದಳು.

"ಗೊತ್ತಾಯ್ತಾ ಅಣ್ಣ?"

"ಯಾಕವ್ವ ಹಿಂಗೆ ಮಾಡ್ದೆ?"

"ನೋಡಾಣ ಅಂತ."

ಇನ್ನೆರಡು ಕಾಯಿಯ ಸಿಪ್ಪೆ ಮುರಿದಳು. ಆಮೇಲೆ ಅವಳೇ ಹೇಳಿದಳು. ನಿಧಾನವಾಗಿ, ಅಡಿಗೆಯ ವಿಷಯ ಹೇಳಿದ ಹಾಗೆ.

"ಯುಗಾದಿ ಆದ ವಾರಕ್ಕೇ ಗೋಡೆಗೆ ಹಾಕಿದ್ರು. ದಿನಾ ಇದರ ಕೆಳಗೇ ಕುಂತು ಉಣ್ತಾರೆ. ನಾನೇ ಬಡಿಸ್ತೀನಿ. ಬಂದೋರಿಗೆಲ್ಲ ತೋರಿಸ್ತಾರೆ, ಅಪ್ಪನ ಕಣ್ಣು ನೋಡ್ರಿ ಅಂತಾರೆ. ಸಿದ್ದಕ್ಕ ಎಲ್ಲಿ ಅಂತ ಒಬ್ರು ಕೇಳಿದ್ರೆ ಸಾಕಿತ್ತು ಅಣ್ಣ. ಇಲ್ಲೇ ಇದ್ದುಬಿಡ್ತಿದ್ದೆ."

"ಸಣ್ಣಪ್ಪ?"

"ಅವರೇ ಮೊಳೆ ಹೊಡೆದಿದ್ದು."

ಅವನ ಮಿಟುಕದ ಕಣ್ಣು ನೆನಪಾಯಿತು. ಗಟ್ಟಿಗನಲ್ಲ ಅವನು. ನೋಡೇ ಇಲ್ಲ. ಇನ್ನೊಂದು ಹೆಣ್ಣು ಇದ್ದಿದ್ದರೆ ಅವನ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

"ನನಗಾದ್ರೂ ಹೇಳಬಾರ್ದಿತ್ತಾ?"

"ಅತ್ತಿಗೆಗೆ ಹೇಳಿದ್ದೆ. ಗಂಡನ್ನ ಬಿಟ್ಟು ಬರ್ತೀನಿ ಅಂತ ನಿನಗೆ ಹೇಳಿದ್ರೆ ನೀನು ಮೊದ್ಲು ಕೇಳೋದೇ, ಯಾವನು ಅಂತ."

ನಾಲಗೆಯ ತುದಿಯಲ್ಲಿ ಆ ಮಾತೇ ಇತ್ತು. ಸುಳ್ಳು ಬರೆದು ಏನು ಉಪಯೋಗ? ರಂಗಪ್ಪನ ಅಂಗಡಿಯಿಂದ ಅವರ ಮನೆಯವರೆಗೂ ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಹೋಗಿದ್ದೆ. ಯಾವನು?

ಬರುತ್ತಾಳಂತೆ. ಕಡಲೆಕಾಯಿ ಬಿತ್ತನೆ ಮುಗಿಸಿಕೊಟ್ಟು ನಮ್ಮ ಮನೆಗೆ ಬರುತ್ತಾಳಂತೆ. ಹೊಲಿಗೆ ಕಲಿಯುತ್ತಾಳಂತೆ. "ಗಂಡನ ಮನೆಯಾಗೆ ಹೇಳಿಯೇ ಬರ್ತೀನಿ, ಓಡಿ ಬರಾಕಿಲ್ಲ" ಅಂದಳು. ಹೊರಡುವಾಗ ಬಾಗಿಲ ತನಕ ಬಂದಳು.

"ನೀನೊಬ್ಬನೇ ಅಣ್ಣ ಕೇಳಿದ್ದು."

ಆ ನೆಗೆಟಿವ್ ಮೂರು ದಿನ ನನ್ನ ಮೇಜಿನ ಮೇಲೆಯೇ ಇತ್ತು. ನಾನೂ ಮುದುಕರ ಕಣ್ಣನ್ನೇ ನೋಡುತ್ತಿದ್ದೆ. ಬೆರಳು ಉಳಿಯದಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಬೆರಳಿನ ವಿಷಯ ಮಾತ್ರ ಹೇಳಿದೆ. ನಕ್ಕಳು.

"ಅದನ್ನೂ ತೆಗೆದುಬಿಡು. ಅರ್ಧಂಬರ್ಧ ಇರಬಾರ್ದು."

ಜುಲೈ ೨, ಮಂಗಳವಾರ

ತೆಗೆದೆ. ಸಣ್ಣ ಬ್ಲೇಡಿನಲ್ಲಿ ಮೊದಲು ಉಂಗುರ ಕೆರೆದೆ, ಆಮೇಲೆ ಒಂದೊಂದೇ ಬೆರಳು. ಅಲ್ಲಿ ಕುರ್ಚಿಯ ಮರ ಬರೆದೆ. ಉಂಗುರವಿದ್ದ ಕಡೆ ಮರದಲ್ಲಿ ಒಂದು ಗಂಟು ಬಂದಿದೆ. ಇರಲಿ.

ಯಜಮಾನರಿಗೆ ಹೇಳಿದೆ, ಪರೀಕ್ಷೆ ಆಗಲಿಲ್ಲ, ಸೇರಿಸಲು ಬರುವುದಿಲ್ಲ ಅಂತ. "ಇಷ್ಟು ಚೆನ್ನಾಗಿ ಸೇರೈತಲ್ಲಪ್ಪ" ಅಂದರು. ಒಂದೇ ಜಾಗವನ್ನು ಇಬ್ಬರು ಮುಟ್ಟಿದ್ದರೆ ಸೇರುವುದಿಲ್ಲ, ಯಾವುದಾದರೂ ಒಂದನ್ನು ಬಿಡಲೇಬೇಕು, ಏನನ್ನು ಬಿಟ್ಟೆವೆಂದು ನೋಡಿದವರಿಗೆ ಗೊತ್ತಾಗುವುದೂ ಇಲ್ಲ ಅಂದೆ. ಅರ್ಥವಾದಂತೆ ಕಾಣಲಿಲ್ಲ. ಬಿಲ್ಲೆಯನ್ನು ಮೊಳೆಗೆ ಹಾಕಿದೆ.

ಕಾಟಲಿಂಗಪ್ಪನಿಗೆ ಒಂದು ಕಾರ್ಡು ಬರೆದೆ. ತಪ್ಪಾಯಿತು ಅಂತ.

ಜುಲೈ ೬, ಶನಿವಾರ

ಕರಿಸಿದ್ದಪ್ಪ ಬಂದು ದೊಡ್ಡ ಫೋಟೋ ತೆಗೆದುಕೊಂಡು ಹೋದ. ಬಾಗಿಲ ಬೆಳಕಿಗೆ ಹಿಡಿದು, ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ನೋಡಿದ. ಅಪ್ಪ. ಅವ್ವ. ತಾನು. ತನ್ನ ಹೆಂಡತಿ. ಸಣ್ಣಪ್ಪ. ಬೆರಳು ಪರದೆಯ ಮೇಲೆ ಹಾದು ಚೌಕಟ್ಟಿಗೆ ಬಂತು. ಕೇಳಲಿ, ಕೇಳಲಿ ಅಂತ ಮನಸ್ಸು ಕೂಗುತ್ತಿತ್ತು. ಇನ್ನೂ ಹೊತ್ತು ಮೀರಿರಲಿಲ್ಲ.

ಅವನ ಕಣ್ಣಲ್ಲಿ ನೀರು ಬಂದಿತ್ತು.

"ಎಲ್ಲಾ ಅದೀವಿ ನೋಡ್ರಿ. ಒಬ್ರೂ ಕಮ್ಮಿಯಿಲ್ಲ" ಅಂದ.

ಜುಲೈ ೭, ಭಾನುವಾರ. ಮಧ್ಯಾಹ್ನ

ಸಿದ್ದಕ್ಕ ಹೊಳಲ್ಕೆರೆ ಬಸ್ಸಿಗೆ ಬಂದಳು. ಒಂದು ಟ್ರಂಕು, ಒಂದು ಕಂಬಳಿ. ನನ್ನ ಹೆಂಡತಿ ನನ್ನನ್ನು ತಳ್ಳಿಕೊಂಡೇ ಹೋಗಿ ಬಾಗಿಲು ತೆಗೆದಳು. ಇಬ್ಬರೂ ಅಡಿಗೆಮನೆಯಲ್ಲಿ ಏನೋ ಮಾತಾಡುತ್ತಿದ್ದಾರೆ. ನಾನು ಬಂದರೆ ನಿಲ್ಲಿಸುತ್ತಾರೆಂದು ಇಲ್ಲೇ ಕೂತಿದ್ದೇನೆ.

ಟ್ರಂಕು ನೋಡಿದೆ. ಭಾರದ್ದು. ಒಬ್ಬಳೇ ಎತ್ತಿ ಬಸ್ಸಿನ ಮೇಲೆ ಹಾಕಲು ಆಗುವುದಿಲ್ಲ. ಬಸ್ ಸ್ಟ್ಯಾಂಡಿನ ತನಕ ಹೊತ್ತು ತಂದವರಾರು? ಮನೆಯವರು ಬಂದಿರಲಾರರು. ಹಾಗಾದರೆ...

ಕೇಳಬಾರದು. ಕೇಳುವುದಿಲ್ಲ.

ಊಟಕ್ಕೆ ಕರೆಯುತ್ತಿದ್ದಾಳೆ. "ಅಣ್ಣ, ಬಾ, ಆರಿ ಹೋಗ್ತೈತೆ." ಎದುರಿಗೆ ಕೂತು ಬಡಿಸುತ್ತಾಳೆ. ತಲೆಯೆತ್ತಿ ಅವಳ ಮುಖ ನೋಡಬೇಕು, ಸೊರಗಿದ್ದೀಯಲ್ಲವ್ವ ಅನ್ನಬೇಕು, ಅಷ್ಟೆ. ಟ್ರಂಕಿನ ಮಾತು ಎತ್ತಬಾರದು. ಮೊದಲು ಮುಖ ನೋಡಬೇಕು. ಆಮೇಲೆ ಬೇಕಾದರೆ —